ಗಾಳಿ ಅಂತ ಬರಿ

ವಿದ್ಯುತ್ ಕಂಪನಿಯ ಕಾಗದದಲ್ಲಿ ಇದ್ದದ್ದು ಇಷ್ಟೇ:
ಅಳತೆಕೋಲು ಕಾಣಬೇಕು. ತಾರೀಖು ಕಾಣಬೇಕು.
ಮನುಷ್ಯರು ಬೇಡ.

ಕೋಲು ತಾನಾಗಿ ನಿಲ್ಲುತ್ತದೇನು, ಅಂದ ಕೇಟಿಲ್,
ನನ್ನ ಅಣ್ಣ. ಗಾಳಿಗೆ ಬೆನ್ನು ಕೊಟ್ಟು ಕೂತು ಹಿಡಿದ.
ಹಾಗಾಗಿ ಮೊದಲ ಚಿತ್ರದಲ್ಲೇ ಒಂದು ಕೈಗವಸು,
ಹೆಬ್ಬೆರಳ ಬುಡದಲ್ಲಿ ಕೆಂಪು ಉಣ್ಣೆಯ ತೇಪೆ.
ಕಂಪನಿಯವರು ಏನೂ ಅನ್ನಲಿಲ್ಲ.
ಚಿತ್ರಕ್ಕೆ ಇಷ್ಟು ಕ್ರೋನಾ ಎಂದು ವರ್ಷಕ್ಕೊಮ್ಮೆ ಕಳಿಸಿದರು,
ಕಾಫಿಪುಡಿಗಾಯಿತು.

ನಮ್ಮ ಹುಲ್ಲುಗಾವಲಲ್ಲಿ ಹದಿನಾಲ್ಕು ಮರದ ಕಂಬ, ಮೂರು ತಂತಿ.
ಕರೆಂಟು ಕೊಲ್ಲಿಯಾಚೆಯ ಮೀನು ಕಾರ್ಖಾನೆಗೆ,
ಹೋಗುವ ದಾರಿಯಲ್ಲಿ ನಮಗೂ ಒಂದಿಷ್ಟು.
ಕಡಲಿನಿಂದ ಒದ್ದೆ ಹಿಮ ಅಡ್ಡಡ್ಡ ಬೀಸಿದ ರಾತ್ರಿ
ತಂತಿಗೆ ಮೈ ಬರುತ್ತದೆ.
ಬೆರಳಷ್ಟಿದ್ದದ್ದು ತೋಳಷ್ಟು, ತೋಳಷ್ಟಿದ್ದದ್ದು ತೊಡೆಯಷ್ಟು,
ಜೋತು ಜೋತು ಕುದುರೆಯ ಬೆನ್ನಿನವರೆಗೂ ಇಳಿದು
ಎಲ್ಲೋ ಒಂದು ಕಂಬ ಲಟ್ಟನೆ ಮುರಿದರೆ
ನಮ್ಮ ಅಡುಗೆಮನೆ ಕತ್ತಲು.
ಬೆಳಕು ಹರಿದ ಮೇಲೆ ಹೊರಡುವುದು, ಉದುರಿದ ಗಡ್ಡೆ ಹುಡುಕಲು.

ಮುರಿದ ಒನಕೆಯಂಥ ಗಡ್ಡೆ. ಉದ್ದಕ್ಕೂ ನಡುವೆ ಒಂದು ಗಾಡಿ,
ತಂತಿ ಮಲಗಿದ್ದ ಜಾಗ.
ಕೇಟಿಲ್ ಗವಸು ಕಳಚಿ ಅದರೊಳಗೆ ಕಿರುಬೆರಳಾಡಿಸುತ್ತಿದ್ದ,
ಪ್ರತಿ ಸಲವೂ, ಇನ್ನೂ ಬೆಚ್ಚಗಿದೆಯೇನೋ ಎಂಬಂತೆ.
ಅದರ ಚಿತ್ರ ನಾನು ತೆಗೆಯಲಿಲ್ಲ.
ಅವರು ಕೇಳಿರಲಿಲ್ಲ.

ಕಂದು ಕುದುರೆಯನ್ನು ನನ್ನ ಕೇಳದೆ ಮಾರಿದ ವರ್ಷ
ಮಾತು ಬಿಟ್ಟೆವು. ಎರಡು ಚಳಿಗಾಲ.
ಒಂದೇ ಮೇಜು, ಒಂದೇ ಕೆಟಲು,
ಉಪ್ಪು ಬೇಕಾದವರು ಎದ್ದು ತಂದುಕೊಳ್ಳುವುದು.
ಆದರೆ ದೀಪ ಹೋದ ಬೆಳಿಗ್ಗೆ
ಅವನು ಕೋಲು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದ,
ನಾನು ಬ್ಯಾಟರಿ ಸಾಯದಿರಲೆಂದು
ಕ್ಯಾಮೆರಾವನ್ನು ಸ್ವೆಟರಿನೊಳಗೆ ತುರುಕಿಕೊಂಡಿರುತ್ತಿದ್ದೆ.
ಆ ಎರಡು ವರ್ಷದ ಚಿತ್ರಗಳಲ್ಲಿ ಕೋಲು ಎಂದಿಗಿಂತ ನೆಟ್ಟಗಿದೆ.
ಹದಿನಾರು ಸೆಂಟಿಮೀಟರು. ಹದಿನೆಂಟು.
ಇಪ್ಪತ್ತೊಂದು ಬಂದ ದಿನ ಅವನಿಗೆ ತಡೆಯಲಾಗಲಿಲ್ಲ,
'ನೋಡೇ' ಅಂದ.
ನೋಡಿದೆ. 'ಹೂಂ' ಅಂದೆ.

ಈಗ ನೆಲದೊಳಗೆ ಕೇಬಲ್ಲು. ಹೋದ ಬೇಸಿಗೆಯಲ್ಲಿ ಅಗೆದು, ಹೂತು,
ಹುಲ್ಲು ಹಾಸಿ ಹೋದರು. ಕಂಬಗಳನ್ನು ಹಲ್ಲು ಕಿತ್ತಂತೆ ಕಿತ್ತರು.
ಲೆಕ್ಕ ಮುಗಿಸಲು ಆಕುರೇರಿಯಿಂದ ಬಂದ ಎಂಜಿನಿಯರ್ ಹುಡುಗ,
ಹ್ಯಾಲ್ಟಿ ಅಂತ, ಚಿತ್ರಗಳನ್ನೆಲ್ಲ ಪರದೆಯ ಮೇಲೆ ಹಿಗ್ಗಿಸಿ
ಒಂದು ಪಟ್ಟಿ ಮಾಡಿದ. ಕೊನೆಗೊಂದು ಕಲಂ ಹೆಚ್ಚಿಗೆ: ತಿದ್ದುಪಡಿ.
ಕೋಲು ಓರೆಯಾದರೆ ಅಳತೆ ಹೆಚ್ಚು ತೋರುತ್ತದಂತೆ,
ಅಷ್ಟನ್ನು ಕಳೆಯಬೇಕಂತೆ.
ಸೊನ್ನೆ, ಸೊನ್ನೆ, ಸೊನ್ನೆ, ಹತ್ತೊಂಬತ್ತು ವರ್ಷ ಸೊನ್ನೆ.
ಆಮೇಲೆ ಮೂರು ಡಿಗ್ರಿ. ಏಳು. ಏಳು.
ಹನ್ನೆರಡು, ಕೋಲು ಎಡಗೈಗೆ ಬಂದ ವರ್ಷ.
ಕೊನೆಯದು ಇಪ್ಪತ್ತಾರು.

ನಾನು ಪ್ರತಿ ದಿನ ನೋಡುತ್ತಿದ್ದವಳು.
ಅವನ ಅಂಗಿಯ ಗುಂಡಿ ಹಾಕುವವಳು.
ಒಂದು ಡಿಗ್ರಿಯೂ ಕಂಡಿರಲಿಲ್ಲ.

ಹುಡುಗ ಮೆಲ್ಲಗೆ ಕೇಳಿದ, ಇಲ್ಲಿಂದ ಯಾಕೆ ವಾಲಿತು,
ಷರಾ ಬರೆಯಬೇಕು, ಏನು ಬರೆಯಲಿ?
ಕಿಟಕಿಯ ಹತ್ತಿರ ಬಲಗೈಯನ್ನು ಎಡಗೈಯಿಂದ ಮಡಿಲಲ್ಲಿ ಹಿಡಿದು ಕೂತವನು
ಇತ್ತ ತಿರುಗದೆ ಅಂದ: ಗಾಳಿ ಅಂತ ಬರಿ.
ಬರೆದ.

ನಿನ್ನೆ ರಾತ್ರಿ ಮತ್ತೆ ಅದೇ ಅಡ್ಡ ಹಿಮ.
ನಾಲ್ಕಕ್ಕೆ ಎಚ್ಚರವಾಯಿತು ನನಗೆ. ಅವನ ಕೋಣೆಯಲ್ಲೂ ಕೆಮ್ಮು.
ಅಡುಗೆಮನೆಗೆ ಬಂದು ಕೂತೆವು, ದೀಪ ನೋಡುತ್ತ.
ಐದಾಯಿತು. ಆರಾಯಿತು.
ಹೋಗಲೇ ಇಲ್ಲ.
ಕಾಫಿ ಇಡಲಾ, ಅಂದೆ.